ಒಂದು ಸಾಲು, 106 ದಿನ: ಬ್ರಿಟನ್ನಿನ ಛಾಯಾ ನ್ಯಾಯ ಸಚಿವರು ಕೆಲಸ ಮಾಡಿದ ಬಗೆ

2025ರ ಮಾರ್ಚ್ 5ರಂದು ಬ್ರಿಟನ್ನಿನ ನ್ಯಾಯ ಸಚಿವೆ ಶಬಾನಾ ಮಹಮೂದ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಎದ್ದು ನಿಂತದ್ದು ಬೇರೆಯೇ ವಿಷಯ ಹೇಳಲು. ಗಂಭೀರ ಅಪರಾಧಗಳ ವಿಚಾರಣೆ ನಡೆಯುವ ಕ್ರೌನ್ ಕೋರ್ಟುಗಳಲ್ಲಿ 73,000ಕ್ಕೂ ಹೆಚ್ಚು ಮೊಕದ್ದಮೆಗಳು ಬಾಕಿ ಬಿದ್ದಿದ್ದವು. ಮುಂದಿನ ಹಣಕಾಸು ವರ್ಷದಲ್ಲಿ ಈ ಕೋರ್ಟುಗಳಲ್ಲಿ ಒಟ್ಟು 1,10,000 ದಿನಗಳ ಕಲಾಪಕ್ಕೆ ಹಣ ಕೊಡುತ್ತೇವೆ ಎಂಬುದು ಅವರ ಹೇಳಿಕೆಯ ತಿರುಳು. ಅದಕ್ಕೆ ಉತ್ತರವಾಗಿ ವಿರೋಧ ಪಕ್ಷದ ಮುಂದಿನ ಸಾಲಿನಿಂದ ಎದ್ದವರು ಛಾಯಾ ನ್ಯಾಯ ಸಚಿವ, ಅಂದರೆ ಆ ಖಾತೆಯ ಸಚಿವರನ್ನು ಪ್ರಶ್ನಿಸಲು ವಿರೋಧ ಪಕ್ಷ ನೇಮಿಸಿದ್ದ, ಕನ್ಸರ್ವೇಟಿವ್ ಪಕ್ಷದ ರಾಬರ್ಟ್ ಜೆನ್ರಿಕ್. ಅವರ ಕೈಯಲ್ಲಿ ಇನ್ನೊಂದು ಕಾಗದವಿತ್ತು. ಶಿಕ್ಷೆಯ ಮಾರ್ಗಸೂಚಿ ರೂಪಿಸುವ ಸ್ವತಂತ್ರ ಸಂಸ್ಥೆಯಾದ ಸೆಂಟೆನ್ಸಿಂಗ್ ಕೌನ್ಸಿಲ್ ಅದೇ ದಿನ ಪ್ರಕಟಿಸಿದ್ದ ಹೊಸ ಮಾರ್ಗಸೂಚಿ ಅದು. ಅಲ್ಪಸಂಖ್ಯಾತ ಸಮುದಾಯದ ಅಪರಾಧಿಗಳಿಗೆ ಶಿಕ್ಷೆ ವಿಧಿಸುವ ಮುನ್ನ ಅವರ ಹಿನ್ನೆಲೆಯ ವರದಿ ಸಾಮಾನ್ಯವಾಗಿ ಅಗತ್ಯ ಎಂದು ಅದರಲ್ಲಿದ್ದ ಒಂದು ಸಾಲನ್ನು ಹಿಡಿದು ಅವರು ಸಚಿವರನ್ನು ಕೇಳಿದರು: ಇದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಲ್ಲವೇ? ಜೂನ್ 19ಕ್ಕೆ ಆ ಸಾಲಿಗೆ ಜಾಗವೇ ಇಲ್ಲದಂತೆ ಮಾಡುವ ಕಾಯ್ದೆಗೆ ರಾಜನ ಅಂಕಿತ ಬಿತ್ತು. ನಡುವೆ ಕಳೆದದ್ದು 106 ದಿನ.

ಅಧಿಕಾರವಿಲ್ಲದ, ಇಲಾಖೆಯಿಲ್ಲದ, ಆ ಹುದ್ದೆಗೆಂದು ಸಂಬಳವೂ ಇಲ್ಲದ ಒಬ್ಬ ಸದಸ್ಯ ಇದನ್ನು ಹೇಗೆ ಸಾಧಿಸಿದರು, ಎಲ್ಲಿ ಎಡವಿದರು, ಸಾಧಿಸಿದ್ದಕ್ಕೆ ಯಾವ ಬೆಲೆ ತೆತ್ತರು ಎಂಬುದನ್ನು ನೋಡುವುದು ಈ ಅಧ್ಯಯನದ ಉದ್ದೇಶ. ಜೆನ್ರಿಕ್ ಅವರ ರಾಜಕೀಯವನ್ನು ಒಪ್ಪುವವರಿಗೂ ಒಪ್ಪದವರಿಗೂ ಇಲ್ಲಿ ಕಲಿಯುವುದಿದೆ.

ಹುದ್ದೆಯ ಬಲ, ಹುದ್ದೆಯ ಬಡತನ

ಬ್ರಿಟನ್ನಿನಲ್ಲಿ ಕಾಮನ್ಸ್ ಸಭೆಯ ವಿರೋಧ ಪಕ್ಷದ ನಾಯಕರಿಗೂ ಅವರ ಕೆಲವು ಸಚೇತಕರಿಗೂ ಸರ್ಕಾರಿ ಸಂಬಳ ಉಂಟು. ಉಳಿದ ಛಾಯಾ ಸಚಿವರು ಸಾಮಾನ್ಯ ಸದಸ್ಯರ ವೇತನದಲ್ಲೇ ಕೆಲಸ ಮಾಡಬೇಕು. ಸಂಶೋಧನೆ, ಕರಡು, ಪತ್ರ ಎಲ್ಲವನ್ನೂ ನೋಡಿಕೊಳ್ಳುವ ಸಿಬ್ಬಂದಿಗೆ ಹಣ ಬರುವುದು ‘ಶಾರ್ಟ್ ಮನಿ’ ಎಂಬ ಅನುದಾನದಿಂದ. 1975ರಲ್ಲಿ ಶುರುವಾದ ಈ ಅನುದಾನ ಪಕ್ಷಕ್ಕೆ ಬರುತ್ತದೆ. ಅದರಲ್ಲಿ ನ್ಯಾಯ ಖಾತೆಯ ಪಾಲಿಗೆ ಸಿಗುವುದು ಬೆರಳೆಣಿಕೆಯ ಜನ. ಎದುರಿಗಿರುವುದು ಸೆರೆಮನೆ, ಪ್ರೊಬೇಷನ್ (ಸೆರೆಮನೆಯ ಹೊರಗಿರುವ ಅಪರಾಧಿಗಳ ಮೇಲ್ವಿಚಾರಣೆ), ಕೋರ್ಟು, ಕಾನೂನು ನೆರವು ಎಲ್ಲವನ್ನೂ ಹೊತ್ತ ದೊಡ್ಡ ಇಲಾಖೆ. ಅಲ್ಲಿನ ಅಧಿಕಾರಿಗಳು ಬರೆಯುವುದನ್ನೆಲ್ಲ ಓದಲು ಛಾಯಾ ಸಚಿವರ ಕಚೇರಿಗೆ ಕೈ ಸಾಲದು. ಆದ್ದರಿಂದ ಯಾವುದನ್ನು ಓದಬೇಕು ಎಂಬ ಆಯ್ಕೆಯೇ ಅರ್ಧ ಕೆಲಸ.

ಸಭೆಯಲ್ಲಿ ಸಿಗುವ ಅವಕಾಶಗಳೂ ಅಳೆದು ತೂಗಿದಂಥವು. ನ್ಯಾಯ ಖಾತೆಯ ಮೌಖಿಕ ಪ್ರಶ್ನೋತ್ತರ ಸುಮಾರು ಐದು ವಾರಕ್ಕೊಮ್ಮೆ, ಮಂಗಳವಾರ ಬರುತ್ತದೆ. ಅಲ್ಲಿ ಛಾಯಾ ಸಚಿವರ ಪಾಲಿಗೆ ಕೆಲವೇ ಪ್ರಶ್ನೆ. ಸಚಿವರು ಹೇಳಿಕೆ ಕೊಡುವ ದಿನ ಅವಕಾಶ ದೊಡ್ಡದು. ಸಚಿವರಿಗೆ ಹತ್ತು ನಿಮಿಷವಾದರೆ ಅಧಿಕೃತ ವಿರೋಧ ಪಕ್ಷಕ್ಕೆ ಐದು, ಎರಡನೇ ದೊಡ್ಡ ವಿರೋಧ ಪಕ್ಷಕ್ಕೆ ಎರಡು. ಹೇಳಿಕೆಯ ಪ್ರತಿ ಸ್ವಲ್ಪ ಮುಂಚೆ ವಿರೋಧ ಪಕ್ಷದ ಕೈಗೆ ಬರುವುದು ವಾಡಿಕೆ, ಆದರೆ ಅದನ್ನು ಓದಿ ಉತ್ತರ ಬರೆಯಲು ಸಿಗುವ ಸಮಯ ಒಂದು ಗಂಟೆಯೂ ಇರುವುದಿಲ್ಲ.

ಮಾರ್ಚ್ 5ರ ನಡೆ ನಿಂತದ್ದು ಈ ಐದು ನಿಮಿಷದ ಮೇಲೆ. ಹೇಳಿಕೆ ಕಲಾಪದ ದಿನಗಳ ಬಗ್ಗೆ. ಅದರ ಉತ್ತರಕ್ಕೆ ಸಚಿವರು ಸಿದ್ಧರಾಗಿ ಬಂದಿದ್ದರು. ಅದೇ ದಿನ ಹೊರಬಿದ್ದ ಮಾರ್ಗಸೂಚಿಯ ಪ್ರಶ್ನೆಗೆ ಅಷ್ಟು ಸಿದ್ಧತೆ ಇರಲಿಲ್ಲ. ನಾನೇ ಅಲ್ಪಸಂಖ್ಯಾತ ಜನಾಂಗಕ್ಕೆ ಸೇರಿದವಳು, ಕಾನೂನಿನ ಮುಂದೆ ಯಾರನ್ನೂ ಭೇದದಿಂದ ನೋಡುವುದನ್ನು ಒಪ್ಪುವುದಿಲ್ಲ, ಕೌನ್ಸಿಲ್‌ಗೆ ಪತ್ರ ಬರೆದು ನನ್ನ ಅಸಮಾಧಾನ ತಿಳಿಸುತ್ತೇನೆ ಎಂಬ ಅರ್ಥದ ಮಾತು ಅವರಿಂದ ಬಂತು. ಛಾಯಾ ಸಚಿವರಿಗೆ ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಸಚಿವರು ಸದನದಲ್ಲಿ ನಿಂತು ಒಂದು ನಿಲುವು ತೆಗೆದುಕೊಂಡ ಮೇಲೆ ಅದರಿಂದ ಹಿಂದೆ ಸರಿಯುವುದು ಕಷ್ಟ. ಮುಂದಿನ ಮೂರೂವರೆ ತಿಂಗಳು ನಡೆದದ್ದೆಲ್ಲ ಆ ಮಾತಿನ ಮುಂದುವರಿಕೆ.

ಆ ಸಾಲಿನಲ್ಲಿ ಏನಿತ್ತು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೆ, ಶಿಕ್ಷೆ ವಿಧಿಸುವ ಮುನ್ನ, ನ್ಯಾಯಾಧೀಶರು ಪ್ರೊಬೇಷನ್ ಅಧಿಕಾರಿಯಿಂದ ಒಂದು ವರದಿ ತರಿಸಿಕೊಳ್ಳಬಹುದು. ಅಪರಾಧಿಯ ಹಿನ್ನೆಲೆ, ಮನೆಯ ಸ್ಥಿತಿ, ಚಟ, ಕಾಯಿಲೆ, ಮತ್ತೆ ಅಪರಾಧ ಎಸಗುವ ಸಂಭವ, ಸೆರೆಮನೆಯ ಹೊರಗೆ ಇಟ್ಟು ಶಿಕ್ಷಿಸಲು ಸಾಧ್ಯವೇ ಎಂಬ ಅಂದಾಜು ಅದರಲ್ಲಿರುತ್ತದೆ. ಇದೇ ಶಿಕ್ಷಾಪೂರ್ವ ವರದಿ. ವರದಿ ಬಂದ ಮಾತ್ರಕ್ಕೆ ಶಿಕ್ಷೆ ಕಡಿಮೆಯಾಗಬೇಕೆಂದಿಲ್ಲ. ಆದರೆ ವರದಿಯಿಲ್ಲದೆ ಸೆರೆಮನೆಯ ಹೊರಗಿನ ಶಿಕ್ಷೆ ಕೊಡಲು ನ್ಯಾಯಾಧೀಶರಿಗೆ ಆಧಾರವೇ ಕಡಿಮೆ ಇರುತ್ತದೆ. ಹೀಗಾಗಿ ಸೆರೆವಾಸದ ಅಂಚಿನಲ್ಲಿರುವವನಿಗೆ ಈ ಕಾಗದ ಬಲು ದೊಡ್ಡದು.

2020ರ ಸೆಂಟೆನ್ಸಿಂಗ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ, ಅನಗತ್ಯ ಎನಿಸದ ಹೊರತು ಕೋರ್ಟು ವರದಿ ಪಡೆಯಲೇಬೇಕು. ಅಂದರೆ ಎಲ್ಲ ಭಾರ ‘ಅನಗತ್ಯ’ ಎಂಬ ಪದದ ಮೇಲೆ. ಕೌನ್ಸಿಲ್ ಆ ಪದಕ್ಕೆ ದಾರಿ ತೋರಲು ಹೊರಟಿತ್ತು. ಈ ಕೆಳಗಿನ ಗುಂಪುಗಳಲ್ಲಿ ಒಂದಕ್ಕೆ ಅಪರಾಧಿ ಸೇರಿದ್ದರೆ ವರದಿ ಸಾಮಾನ್ಯವಾಗಿ ಅಗತ್ಯ ಎಂದು ಹೇಳಿ ಪಟ್ಟಿ ಕೊಟ್ಟಿತು: ಮೊದಲ ಬಾರಿ ಸೆರೆವಾಸದ ಅಪಾಯದಲ್ಲಿರುವವರು, 18ರಿಂದ 25 ವಯಸ್ಸಿನವರು, ಮಹಿಳೆಯರು, ಗರ್ಭಿಣಿಯರು ಮತ್ತು ಬಾಣಂತಿಯರು, ಮಕ್ಕಳನ್ನೋ ಅವಲಂಬಿತರನ್ನೋ ಒಬ್ಬರೇ ನೋಡಿಕೊಳ್ಳುವವರು, ಲಿಂಗಪರಿವರ್ತಿತರು, ಮಾದಕ ವಸ್ತು ಅಥವಾ ಕುಡಿತದ ಚಟವಿರುವವರು, ದೀರ್ಘ ಕಾಯಿಲೆ ಅಥವಾ ಮಾನಸಿಕ ಅಸ್ವಾಸ್ಥ್ಯ ಇರುವವರು, ಕೌಟುಂಬಿಕ ಹಿಂಸೆಗೆ ಅಥವಾ ಮಾನವ ಸಾಗಣೆಗೆ ಬಲಿಯಾದವರು. ಇವುಗಳ ನಡುವೆ ಇನ್ನೊಂದು ಸಾಲು: ಜನಾಂಗೀಯ, ಸಾಂಸ್ಕೃತಿಕ ಅಥವಾ ಧಾರ್ಮಿಕ ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದವರು. ಜೆನ್ರಿಕ್ ಹಿಡಿದದ್ದು ಈ ಸಾಲನ್ನು.

ಪಟ್ಟಿ ಪೂರ್ಣವಲ್ಲ, ಇದರಲ್ಲಿ ಇಲ್ಲದವರಿಗೂ ವರದಿ ತರಿಸಬಹುದು ಎಂದು ಮಾರ್ಗಸೂಚಿಯೇ ಹೇಳುತ್ತಿತ್ತು. ಚಟವಿರುವ, ಅಥವಾ ಮೊದಲ ಸಲ ಜೈಲು ಕಾಣಲಿರುವ ಬಹುಸಂಖ್ಯಾತ ಸಮುದಾಯದ ಗಂಡಸೂ ಅದೇ ಪಟ್ಟಿಯಲ್ಲಿ ಬರುತ್ತಿದ್ದ. ಹಾಗಿದ್ದೂ ಆ ಒಂದು ಸಾಲಿನ ವಿರುದ್ಧದ ವಾದಕ್ಕೆ ಬಲವಿತ್ತು. ಚಟ, ಕಾಯಿಲೆ, ಬಾಣಂತನ, ಅವಲಂಬಿತರ ಹೊರೆ ಇವೆಲ್ಲ ವ್ಯಕ್ತಿಯ ಸ್ಥಿತಿ. ಸಮುದಾಯ ವ್ಯಕ್ತಿಯ ಸ್ಥಿತಿಯಲ್ಲ ಎಂಬುದು ಆ ವಾದ. ಮಾರ್ಗಸೂಚಿ ಬರೀ ಸಲಹೆಯೂ ಅಲ್ಲ. ಅದೇ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ, ನ್ಯಾಯದ ಹಿತಕ್ಕೆ ವಿರುದ್ಧವಾಗದ ಹೊರತು ಕೋರ್ಟು ಅದನ್ನು ಪಾಲಿಸಲೇಬೇಕು.

ಕೌನ್ಸಿಲ್‌ನ ಕಡೆಯ ವಾದಕ್ಕೂ ಅಷ್ಟೇ ಗಟ್ಟಿ ನೆಲವಿತ್ತು. 2017ರಲ್ಲಿ ಡೇವಿಡ್ ಲ್ಯಾಮಿ ಅವರ ಪರಿಶೀಲನಾ ವರದಿ, ಮಾದಕ ವಸ್ತು ಅಪರಾಧಗಳಲ್ಲಿ ಅಲ್ಪಸಂಖ್ಯಾತ ಜನಾಂಗದವರಿಗೆ ಸೆರೆವಾಸ ಬೀಳುವ ಸಂಭವದ ಪ್ರಮಾಣ ಬಿಳಿಯರಿಗಿಂತ ಸುಮಾರು 240% ಹೆಚ್ಚು ಎಂಬ ಲೆಕ್ಕವನ್ನು ಮುಂದಿಟ್ಟಿತ್ತು. ಈ ಅಂತರ ಏಕೆ ಎಂಬುದಕ್ಕೆ ಪೂರ್ತಿ ವಿವರಣೆ ಸಿಕ್ಕಿಲ್ಲ. ನ್ಯಾಯಾಧೀಶರ ಕೈಗೆ ಹೆಚ್ಚು ಮಾಹಿತಿ ಬಂದರೆ ಅಂತರ ತಗ್ಗಬಹುದು ಎಂಬುದು ಕೌನ್ಸಿಲ್‌ನ ಎಣಿಕೆ. ಛಾಯಾ ನ್ಯಾಯ ಸಚಿವರಾದವರು ಈ 240ರ ಅಂಕಿಗೆ ತಮ್ಮ ಉತ್ತರವೇನು ಎಂದೂ ಹೇಳಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. ಸಾಲು ಬೇಡ ಎನ್ನುವುದು ಒಂದು ಮಾತು; ಆ ಸಾಲು ಹುಟ್ಟಲು ಕಾರಣವಾದ ಅಂತರಕ್ಕೆ ಬೇರೆ ಮದ್ದು ಸೂಚಿಸುವುದು ಇನ್ನೊಂದು. ಎರಡನೆಯದು ಈ ಪ್ರಕರಣದುದ್ದಕ್ಕೂ ತೆಳುವಾಗಿಯೇ ಉಳಿಯಿತು.

ಸಚಿವರಿಗೂ ಕೈ ಕಟ್ಟಿತ್ತು

ಸೆಂಟೆನ್ಸಿಂಗ್ ಕೌನ್ಸಿಲ್ ಹುಟ್ಟಿದ್ದು 2009ರ ಕಾಯ್ದೆಯಿಂದ, ಕೆಲಸ ಶುರು ಮಾಡಿದ್ದು 2010ರಲ್ಲಿ. ಹದಿನಾಲ್ಕು ಸದಸ್ಯರಲ್ಲಿ ಎಂಟು ಮಂದಿ ನ್ಯಾಯಾಂಗದವರು. ಕರಡು ಸಿದ್ಧವಾದಾಗ ನ್ಯಾಯ ಸಚಿವರನ್ನೂ ಕಾಮನ್ಸ್‌ನ ನ್ಯಾಯ ಸಮಿತಿಯನ್ನೂ ಕೌನ್ಸಿಲ್ ಕೇಳಲೇಬೇಕು. ಹಾಗೆಂದು ಅವರ ಮಾತನ್ನು ಒಪ್ಪಲೇಬೇಕೆಂದು ಆಗ ಇರಲಿಲ್ಲ. ಮಾರ್ಗಸೂಚಿ ಬದಲಿಸಿ ಎಂದು ಸಚಿವರು ಸೂಚಿಸಬಹುದಿತ್ತು, ಕೌನ್ಸಿಲ್ ಅದನ್ನು ಪರಿಗಣಿಸಬೇಕಿತ್ತು. ಸಚಿವರ ಅಧಿಕಾರ ಅಲ್ಲಿಗೆ ಮುಗಿಯುತ್ತಿತ್ತು. ತಡೆಹಿಡಿಯುವ ಅಧಿಕಾರ ಆಗ ಇರಲಿಲ್ಲ.

ಛಾಯಾ ಸಚಿವರಿಗೆ ಇದು ಎರಡು ಅಲಗಿನ ಕತ್ತಿ. ಸಚಿವರು ತಾವು ಒಪ್ಪುವುದಿಲ್ಲ ಎನ್ನುತ್ತಾರೆ, ಆದರೆ ನಿಲ್ಲಿಸಲಾರರು. ಹೀಗೆ ದಿನಕ್ಕೊಂದು ಪ್ರಶ್ನೆ ಹುಟ್ಟುತ್ತದೆ. ಅದೇ ಹೊತ್ತಿಗೆ ಎದುರಿಗಿರುವುದು ಸಚಿವರ ನಿರ್ಧಾರವಲ್ಲ, ಬಹುಪಾಲು ನ್ಯಾಯಾಧೀಶರೇ ಕೂಡಿ ಮಾಡಿದ ನಿರ್ಧಾರ. ಸಚಿವರ ಮೇಲೆ ಹರಿಹಾಯ್ದಷ್ಟು ಸಲೀಸಾಗಿ ಅವರ ಮೇಲೆ ಹರಿಹಾಯುವಂತಿಲ್ಲ.

ಕೌನ್ಸಿಲ್‌ನ ಅಧ್ಯಕ್ಷರಾಗಿದ್ದವರು ಲಾರ್ಡ್ ಜಸ್ಟಿಸ್ ವಿಲಿಯಂ ಡೇವಿಸ್. ಸಚಿವರೊಂದಿಗೆ ಮಾತುಕತೆ, ಪತ್ರ ವ್ಯವಹಾರ ಎಲ್ಲ ಮಾರ್ಚ್ ತಿಂಗಳಿಡೀ ನಡೆಯಿತು. ತಿಂಗಳ ಕೊನೆಯಲ್ಲಿ ಕೌನ್ಸಿಲ್ ಬದಲಾಯಿಸಲು ಒಪ್ಪಲಿಲ್ಲ. ಮಾರ್ಗಸೂಚಿ ಜಾರಿಗೆ ಬರಬೇಕಿದ್ದುದು ಏಪ್ರಿಲ್ 1ಕ್ಕೆ. ಸರ್ಕಾರ ಕಾಯ್ದೆ ತರುವುದು ಖಚಿತವಾದಾಗ, ಮಾರ್ಚ್ 31ರಂದು, ಕೌನ್ಸಿಲ್ ಜಾರಿಯನ್ನು ಮುಂದೂಡಿತು. ಮಾರನೆಯ ದಿನವೇ ಮಸೂದೆ ಮಂಡನೆಯಾಯಿತು.

ಒತ್ತಡದ ಉಪಕರಣಗಳು

ಮಾರ್ಚ್ 5ರಿಂದ 31ರವರೆಗೆ ಛಾಯಾ ಸಚಿವರ ಕಚೇರಿ ಬಳಸಿದ ಉಪಕರಣಗಳಲ್ಲಿ ಮೂರನ್ನು ಬೇರೆಯಾಗಿ ನೋಡಬೇಕು.

ಮೊದಲನೆಯದು ದಿನಾಂಕ. ಏಪ್ರಿಲ್ 1 ಎಂಬ ಗಡುವು ಇಲ್ಲದಿದ್ದರೆ ಈ ವಿಷಯ ವಾರದೊಳಗೆ ತಣ್ಣಗಾಗುತ್ತಿತ್ತು. ಇಷ್ಟು ದಿನ ಉಳಿಯಿತು, ಸಚಿವರು ಏನು ಮಾಡಿದ್ದಾರೆ ಎಂಬ ಪ್ರಶ್ನೆಯನ್ನು ಪ್ರತಿ ವಾರ ಕೇಳಲು ಗಡುವು ಅನುವು ಮಾಡಿಕೊಟ್ಟಿತು. ಹೊಸದಾಗಿ ಈ ಕೆಲಸಕ್ಕೆ ಬರುವವರು ಮೊದಲು ಕಲಿಯಬೇಕಾದದ್ದು ಇದು: ನಿಯಮ, ಮಾರ್ಗಸೂಚಿ, ಆದೇಶ ಏನೇ ಸಿಗಲಿ, ಜಾರಿಯ ದಿನಾಂಕ ನೋಡಿ ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ.

ಎರಡನೆಯದು ಸ್ವಂತ ಮಸೂದೆ. ಕೌನ್ಸಿಲ್ ಮೇಲೆ ಸಚಿವರಿಗೆ ಅಧಿಕಾರ ಕೊಡುವ ಮಸೂದೆಯೊಂದನ್ನು ಜೆನ್ರಿಕ್ ಸದನದ ಮುಂದಿಟ್ಟರು. ಯಾವ ಸದಸ್ಯರೂ ಸೂಚನೆ ಕೊಟ್ಟು ಹೀಗೆ ಮಸೂದೆ ಮಂಡಿಸಬಹುದು. ಆದರೆ ಅದು ಖಾಸಗಿ ಮಸೂದೆಗಳ ಶುಕ್ರವಾರದ ಸರದಿಯಲ್ಲಿ ಕೊನೆಗೆ ನಿಲ್ಲುತ್ತದೆ. ಮಧ್ಯಾಹ್ನ ಎರಡೂವರೆಗೆ ಚರ್ಚೆಯಿಲ್ಲದೆ ಹೆಸರು ಕೂಗುವಾಗ ಒಬ್ಬರು ‘ಆಕ್ಷೇಪಣೆ ಇದೆ’ ಎಂದರೂ ಮುಂದೆ ಹೋಗದು. ಇಲ್ಲಿ ಆದದ್ದೂ ಅದೇ. ಅಂಥ ಮಸೂದೆ ಕಾಯ್ದೆಯಾಗದೆಂದು ಮಂಡಿಸುವವರಿಗೂ ಗೊತ್ತಿರುತ್ತದೆ. ಆದರೂ ಅದಕ್ಕೆ ಬೆಲೆಯಿದೆ: ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ’ ಎಂಬ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಸಿದ್ಧವಾಗುತ್ತದೆ, ಅಡ್ಡಿಪಡಿಸಿದವರು ಯಾರೆಂಬುದು ದಾಖಲೆಯಾಗುತ್ತದೆ. ಇಂಥ ಮಸೂದೆಯನ್ನು ಅಸಡ್ಡೆಯಿಂದ ಬರೆದರೆ ಮಾತ್ರ ಅದು ತಿರುಗಿ ಬಡಿಯುತ್ತದೆ, ಏಕೆಂದರೆ ಅದನ್ನು ಅತ್ಯಂತ ಎಚ್ಚರಿಕೆಯಿಂದ ಓದುವವರು ಎದುರು ಪಕ್ಷದ ವಕೀಲರು.

ಮೂರನೆಯದು ಕೋರ್ಟಿಗೆ ಹೋಗುವ ಎಚ್ಚರಿಕೆ. ಮಾರ್ಗಸೂಚಿಯನ್ನು ನ್ಯಾಯಾಂಗ ಪರಿಶೀಲನೆಗೆ ಒಡ್ಡುತ್ತೇನೆ ಎಂದು ಜೆನ್ರಿಕ್ ಸಾರಿದರು. ಇದಕ್ಕೆ ಮೊದಲು ಎದುರು ಪಕ್ಷಕ್ಕೆ ಪೂರ್ವಭಾವಿ ನೋಟಿಸ್ ಕೊಡಬೇಕು, ಉತ್ತರಕ್ಕೆ ಸಾಮಾನ್ಯವಾಗಿ ಹದಿನಾಲ್ಕು ದಿನ ಬಿಡಬೇಕು. ಅರ್ಜಿಯನ್ನು ತಡಮಾಡದೆ, ಏನೇ ಆದರೂ ಮೂರು ತಿಂಗಳೊಳಗೆ ಹಾಕಬೇಕು. ಇಲ್ಲೊಂದು ಅಪಾಯ ಅಡಗಿದೆ. ಪ್ರಕರಣ ಕೋರ್ಟಿನಲ್ಲಿ ನಡೆಯುತ್ತಿದ್ದರೆ ಸದನದಲ್ಲಿ ಅದನ್ನು ಪ್ರಸ್ತಾಪಿಸಲು ತಡೆಯಿದೆ. ಸಭಾಧ್ಯಕ್ಷರು ಬಿಟ್ಟರೆ ಮಾತ್ರ ಮಾತಾಡಬಹುದು. ಅಂದರೆ ಕೋರ್ಟಿಗೆ ಹೋಗುವ ಛಾಯಾ ಸಚಿವರು ತಮ್ಮ ಬಾಯಿಗೆ ತಾವೇ ಬೀಗ ಹಾಕಿಕೊಳ್ಳುವ ಸಂಭವ ಉಂಟು. ಕೌನ್ಸಿಲ್ ಮುಂದೂಡಿದ್ದರಿಂದ ಇಲ್ಲಿ ಆ ಹಂತವೇ ಬರಲಿಲ್ಲ.

ಎಡವಿದ್ದು ಎಲ್ಲಿ

ಸರ್ಕಾರದ ಕಡೆಯಿಂದ ಬಂದ ಮೊದಲ ಹೊಡೆತ ಸರಳವಾಗಿತ್ತು: ಈ ಮಾರ್ಗಸೂಚಿಯ ಕರಡಿನ ಮೇಲೆ ಅಭಿಪ್ರಾಯ ಕೇಳಿದ್ದು 2023ರ ನವೆಂಬರ್‌ನಿಂದ 2024ರ ಫೆಬ್ರುವರಿವರೆಗೆ. ಆಗ ಅಧಿಕಾರದಲ್ಲಿದ್ದವರು ಕನ್ಸರ್ವೇಟಿವ್ ಪಕ್ಷದವರೇ. ಅವರ ಸಚಿವರೊಬ್ಬರು ಕರಡನ್ನು ಸ್ವಾಗತಿಸಿಯೂ ಇದ್ದರು. ಆಗ ಎಲ್ಲಿದ್ದಿರಿ ಎಂದು ಆಡಳಿತ ಪಕ್ಷವಾದ ಲೇಬರ್ ಕೇಳಿತು.

ವಿರೋಧ ಪಕ್ಷದ ಉತ್ತರವೂ ಪದದ ಮಟ್ಟದ್ದೇ. ಕರಡಿನಲ್ಲಿ ಆ ಗುಂಪುಗಳಿಗೆ ವರದಿ ವಿಶೇಷವಾಗಿ ಮುಖ್ಯವಾಗಬಹುದು ಎಂದಷ್ಟೇ ಇತ್ತು. ಅಂತಿಮ ರೂಪದಲ್ಲಿ ಅದು ಸಾಮಾನ್ಯವಾಗಿ ಅಗತ್ಯ ಎಂದಾಯಿತು. ‘ಮುಖ್ಯವಾಗಬಹುದು’ ಎಂಬುದಕ್ಕೂ ‘ಅಗತ್ಯ’ ಎಂಬುದಕ್ಕೂ, 30ನೇ ಸೆಕ್ಷನ್ ಎದುರಿಟ್ಟು ಓದಿದರೆ, ಬಹಳ ಅಂತರ. ಕಾಯ್ದೆಯ ಪದವೇ ಅಗತ್ಯದ ಬಗ್ಗೆ ಇರುವುದರಿಂದ ಅಂತಿಮ ರೂಪ ನ್ಯಾಯಾಧೀಶರನ್ನು ನೇರವಾಗಿ ವರದಿಯ ಕಡೆಗೆ ತಳ್ಳುತ್ತದೆ. ಈ ಉತ್ತರ ಸರಿಯಾದದ್ದೇ. ಆದರೆ ಸಮುದಾಯದ ಸಾಲು ಕರಡಿನಲ್ಲೂ ಇತ್ತು ಎಂಬುದನ್ನು ಅದು ಅಳಿಸಲಾರದು. ಛಾಯಾ ಸಚಿವರ ಕಚೇರಿಯಲ್ಲಿ ಆರೋಪ ಹೊರಡುವ ಮುನ್ನ ಒಬ್ಬರು ಕೂತು ನಮ್ಮ ಸರ್ಕಾರ ಇದ್ದಾಗ ಇದೇ ವಿಷಯಕ್ಕೆ ಯಾರು ಏನು ಬರೆದಿದ್ದಾರೆ ಎಂದು ಹುಡುಕಿ, ದಿನಾಂಕ ಸಹಿತ ಒಂದು ಪುಟ ಸಿದ್ಧಮಾಡಬೇಕು. ಆ ಪುಟವನ್ನು ಮೊದಲು ತಾವೇ ಬಿಚ್ಚಿಟ್ಟರೆ ಹೊಡೆತದ ಬಿಸಿ ಅರ್ಧ ಇಳಿಯುತ್ತದೆ. ಎದುರಾಳಿ ಬಿಚ್ಚಿದ ಮೇಲೆ ಕೊಡುವ ವಿವರಣೆ, ಎಷ್ಟು ಸರಿಯಾಗಿದ್ದರೂ, ನೆಪದಂತೆ ಕೇಳುತ್ತದೆ.

ಎರಡನೆಯ ಎಡವು ಇನ್ನೂ ಆಳದ್ದು. ‘ಇಬ್ಬಗೆಯ ನ್ಯಾಯ’ ಎಂಬ ಘೋಷಣೆ ಜನರ ಬಾಯಿಗೆ ಬೇಗ ಹತ್ತಿತು. ಅದರೊಂದಿಗೆ ಮಾರ್ಗಸೂಚಿಯ ಬಗೆಗಿನ ಸಿಟ್ಟು ನ್ಯಾಯಾಧೀಶರ ಬಗೆಗಿನ ಸಿಟ್ಟಾಗಿ ಹೊರಳಲು ಹೆಚ್ಚು ಹೊತ್ತು ಬೇಕಿಲ್ಲ. ಸದನದ ನಿಯಮದಂತೆ, ನಿರ್ದಿಷ್ಟ ನಿರ್ಣಯ ಮಂಡಿಸದೆ ಒಬ್ಬ ನ್ಯಾಯಾಧೀಶರ ನಡತೆಯನ್ನು ಟೀಕಿಸುವಂತಿಲ್ಲ. ನ್ಯಾಯಾಂಗದ ಸ್ವಾತಂತ್ರ್ಯ ಕಾಯುತ್ತೇನೆಂದು ಲಾರ್ಡ್ ಚಾನ್ಸಲರ್ ಹುದ್ದೆಯೂ ಇರುವ ನ್ಯಾಯ ಸಚಿವರು ಪ್ರಮಾಣ ಮಾಡಬೇಕು. ಛಾಯಾ ಸಚಿವರಿಗೆ ಅಂಥ ಪ್ರಮಾಣವಿಲ್ಲ. ಸದನದ ಹೊರಗೆ ಅವರನ್ನು ತಡೆಯುವುದು ಅವರ ಸ್ವಂತ ಸಂಯಮ ಮಾತ್ರ. ನಾಳೆ ಅದೇ ಹುದ್ದೆಯಲ್ಲಿ ಕೂತು ಅದೇ ಪ್ರಮಾಣ ಸ್ವೀಕರಿಸಬೇಕಾದವರು ಎಂಬ ಎಚ್ಚರ ಅವರ ಪ್ರತಿ ಹೇಳಿಕೆಯ ಹಿಂದೆ ಇರಬೇಕು. ಸಾಲನ್ನು ಟೀಕಿಸುವುದು, ಸಾಲು ಬರೆದ ಸಂಸ್ಥೆಯ ರಚನೆಯನ್ನು ಟೀಕಿಸುವುದು, ಶಿಕ್ಷೆ ವಿಧಿಸುವ ನ್ಯಾಯಾಧೀಶರ ನಿಷ್ಠೆಯನ್ನು ಶಂಕಿಸುವುದು ಮೂರು ಬೇರೆ ಬೇರೆ ಕೆಲಸ. ಮೊದಲೆರಡು ವಿರೋಧ ಪಕ್ಷದ ಹಕ್ಕು. ಮೂರನೆಯದು ಹಾನಿ. ಈ ವ್ಯತ್ಯಾಸವನ್ನು ಪತ್ರಿಕಾ ಹೇಳಿಕೆಯ ಶೀರ್ಷಿಕೆ ಬರೆಯುವ ಕೈಗೂ ಕಲಿಸಿರಬೇಕು, ಏಕೆಂದರೆ ಜಾರುವುದು ಬಹುಪಾಲು ಅಲ್ಲೇ.

ಮೂರನೆಯ ನಷ್ಟ ಗದ್ದಲದಲ್ಲಿ ಕಾಣದೆ ಹೋಯಿತು. ಮಾರ್ಚ್ 5ರ ಹೇಳಿಕೆಯ ವಿಷಯ 73,000 ಬಾಕಿ ಮೊಕದ್ದಮೆಗಳು. ವಿಚಾರಣೆಗೆ ವರ್ಷಗಟ್ಟಲೆ ಕಾಯುವ ಸಂತ್ರಸ್ತರ ಪಾಲಿಗೆ 1,10,000 ದಿನ ಸಾಕೇ ಎಂಬುದೇ ಅಂದಿನ ಮುಖ್ಯ ಪ್ರಶ್ನೆ. ಮರುದಿನದ ಸುದ್ದಿಯನ್ನೆಲ್ಲ ಮಾರ್ಗಸೂಚಿಯೇ ನುಂಗಿತು.

ಮಸೂದೆ ಬಂದ ಮೇಲೆ

ಗೆದ್ದ ಮೇಲಿನ ಕೆಲಸ ಛಾಯಾ ಸಚಿವರಿಗೆ ಇನ್ನೂ ಕಷ್ಟ. ಸರ್ಕಾರವೇ ತಮ್ಮ ಬೇಡಿಕೆಯ ಮಸೂದೆ ತಂದಾಗ ವಿರೋಧಿಸುವುದು ಹೇಗೆ, ಬೆಂಬಲಿಸಿದರೆ ಶ್ರೇಯ ಯಾರಿಗೆ? ಏಪ್ರಿಲ್ 22ರಂದು ಎರಡನೇ ವಾಚನ, 30ರಂದು ಇಡೀ ಸದನದ ಸಮಿತಿ ಹಂತ. ಅಷ್ಟು ಪುಟ್ಟ ಮಸೂದೆಗೆ ವಿಶೇಷ ಸಮಿತಿಯ ಸಾಕ್ಷ್ಯ ವಿಚಾರಣೆ ಇರಲಿಲ್ಲ. ವಿರೋಧ ಪಕ್ಷ ಹಿಡಿದ ದಾರಿ: ಇದು ಸಾಲದು. ಒಂದು ಮಾರ್ಗಸೂಚಿಯ ಒಂದು ಸಾಲಿಗೆ ಕಾಯ್ದೆ ತಂದರೆ ನಾಳೆ ಇನ್ನೊಂದು ಸಾಲು ಬರುತ್ತದೆ. ಮಾರ್ಗಸೂಚಿಗೆ ಸಚಿವರ ಒಪ್ಪಿಗೆಯೇ ಬೇಕು ಎಂಬುದು ಅವರ ವಾದ.

ಕಾಯ್ದೆಯ ಸಾರ ಇಷ್ಟು: ಶಿಕ್ಷಾಪೂರ್ವ ವರದಿಯ ಬಗೆಗಿನ ಮಾರ್ಗಸೂಚಿಯಲ್ಲಿ ಅಪರಾಧಿಯ ವೈಯಕ್ತಿಕ ಲಕ್ಷಣಗಳನ್ನು ಆಧರಿಸಿ ಏನನ್ನೂ ಹೇಳುವಂತಿಲ್ಲ. ಜನಾಂಗ, ಧರ್ಮ ಅಥವಾ ನಂಬಿಕೆ, ಸಾಂಸ್ಕೃತಿಕ ಹಿನ್ನೆಲೆ ಆ ಲಕ್ಷಣಗಳಲ್ಲಿ ಸೇರುತ್ತವೆ ಎಂದು ಅದು ಹೆಸರಿಸುತ್ತದೆ. ‘ಸೇರುತ್ತವೆ’ ಎಂಬ ಪದದಲ್ಲೇ ತೊಡಕಿತ್ತು. ಇವಿಷ್ಟೇ ಅಲ್ಲ ಎಂದಾದರೆ ಗರ್ಭಿಣಿ ಎಂಬುದೂ ಲಕ್ಷಣವೇ? ಹರೆಯವೂ? ಕೌಟುಂಬಿಕ ಹಿಂಸೆಗೆ ಒಳಗಾದದ್ದೂ? ಒಂದು ಸಾಲಿನ ಮೇಲೆ ಎದ್ದ ತಕರಾರಿಗೆ ಬಂದ ಮದ್ದು ಪಟ್ಟಿಯ ಬೇರೆ ಸಾಲುಗಳನ್ನೂ ತಟ್ಟುವಂತಿತ್ತು. ಗರ್ಭಿಣಿ ಅಥವಾ ಬಾಣಂತಿ ಅಪರಾಧಿಗಳ ವಿಷಯದಲ್ಲಿ ವರದಿಯ ಮಹತ್ವವನ್ನು ಮೇಲ್ಮನವಿ ನ್ಯಾಯಾಲಯ 2024ರಲ್ಲೇ ಎತ್ತಿ ಹೇಳಿತ್ತು. ಅಂಥ ತೀರ್ಪುಗಳನ್ನು ಕಾಯ್ದೆ ಅಳಿಸುವುದಿಲ್ಲ. 30ನೇ ಸೆಕ್ಷನ್ ಸಹ ಇದ್ದಂತೆಯೇ ಇದೆ: ಯಾವ ಅಪರಾಧಿಗೇ ಆಗಲಿ, ಅವನ ಅಥವಾ ಅವಳ ಸಂದರ್ಭ ನೋಡಿ ನ್ಯಾಯಾಧೀಶರು ವರದಿ ತರಿಸಬಹುದು. ಈ ಮಾತನ್ನು ಸಚಿವರಿಂದ ಸದನದ ದಾಖಲೆಯಲ್ಲಿ ಸ್ಪಷ್ಟವಾಗಿ ಹೇಳಿಸಿಕೊಳ್ಳುವುದು ಸಮಿತಿ ಹಂತದ ನಿಜವಾದ ಕೆಲಸ, ಏಕೆಂದರೆ ಮುಂದೆ ಕಾಯ್ದೆಯ ಪದ ಗೊಂದಲವೆನಿಸಿದಾಗ ಕೋರ್ಟುಗಳು ಸಚಿವರ ಸ್ಪಷ್ಟ ಮಾತನ್ನು ನೋಡುವುದುಂಟು. ವಿರೋಧ ಪಕ್ಷದ ತಿದ್ದುಪಡಿಗಳು ಬಿದ್ದುಹೋದರೂ ಅವುಗಳ ಮೇಲೆ ಸಚಿವರು ಕೊಡುವ ಉತ್ತರ ಉಳಿಯುತ್ತದೆ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸರ್ಕಾರ ಮಂಡಿಸಿದ ದೊಡ್ಡ ಸೆಂಟೆನ್ಸಿಂಗ್ ಮಸೂದೆಯಲ್ಲಿ, ಕೌನ್ಸಿಲ್‌ನ ಮಾರ್ಗಸೂಚಿಗೆ ಲಾರ್ಡ್ ಚಾನ್ಸಲರ್ ಮತ್ತು ಮುಖ್ಯ ನ್ಯಾಯಮೂರ್ತಿ ಇಬ್ಬರ ಒಪ್ಪಿಗೆಯೂ ಬೇಕು ಎಂಬ ಅಂಶ ಬಂತು. ವಸಂತದಲ್ಲಿ ವಿರೋಧ ಪಕ್ಷ ಕೇಳಿದ್ದರ ಒಂದು ಪಾಲು ಶರತ್ಕಾಲಕ್ಕೆ ಸರ್ಕಾರದ ಮಸೂದೆಯೊಳಗೆ, ನ್ಯಾಯಾಂಗದ ಕೈಯನ್ನೂ ಜೊತೆಗಿಟ್ಟುಕೊಂಡು, ಬಂದಿತ್ತು. ಅದೇ ತಿಂಗಳು ಸಂಪುಟ ಬದಲಾಗಿ ಮಹಮೂದ್ ಗೃಹ ಖಾತೆಗೆ ಹೋದರು. ನ್ಯಾಯ ಖಾತೆಗೆ ಬಂದವರು 2017ರ ವರದಿ ಬರೆದ ಡೇವಿಡ್ ಲ್ಯಾಮಿ. ಹೀಗಾಗಿ 240% ಎಂಬ ಅಂಕಿಯನ್ನು ಮುಂದಿಟ್ಟವರ ಬಳಿಯೇ ಅದರ ಮದ್ದೇನು ಎಂದು ಕೇಳುವ ಅವಕಾಶ ಎದುರು ಬೆಂಚಿಗೆ ಸಿಕ್ಕಿತು. ಅದಕ್ಕೆ ಬೇಕಾದ ಲಿಖಿತ ಪ್ರಶ್ನೆ ಸಣ್ಣದು: ಕಳೆದ ವರ್ಷ ಎಷ್ಟು ಪ್ರಕರಣಗಳಲ್ಲಿ ವರದಿ ಕೇಳಲಾಯಿತು, ಎಷ್ಟರಲ್ಲಿ ಹೇಳಿದ ದಿನಕ್ಕೆ ಬಂತು, ವರದಿ ಬಾರದೆ ಎಷ್ಟು ಶಿಕ್ಷೆಗಳು ಮುಂದಕ್ಕೆ ಹೋದವು, ಜನಾಂಗವಾರು ಲೆಕ್ಕ ಏನು?